ಕಾಗದ ನಮ್ಮ ಹೆಸರಿಗಿ, ಭಾಷಾ ಯಾರದು?

ಆದಾಯ ತೆರಿಗೆ ಇಲಾಖೆ ಕಾಗದ ಬಂತಂದ್ರ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡಿ ಮನಿಗಳಾಗ ಮೂರೇ ಹಾದಿ. ಒಂದು, ದೇವರ ಜಗಲಿ ಮ್ಯಾಲ ಇಟ್ಟು ಸುಮ್ಮನಾಗೋದು. ಎರಡು, ಇಂಗ್ಲಿಷ್ ಸಾಲಿಗಿ ಹೋಗೋ ಹುಡುಗರ ಕೈಯಾಗ ಕೊಡೋದು. ಮೂರು, ಏಜೆಂಟನ ಅಂಗಡಿಗಿ ಓಡೋದು. ಯಾರ ಹೆಸರಿಗಿ ಬಂದದೋ ಅವರೇ ಓದಿ, ತಿಳಕೊಂಡು, ಜವಾಬು ಬರಿಯೋ ನಾಕನೇ ಹಾದಿ ನಮ್ಮಲ್ಲಿ ಇಲ್ಲ. ಯಾಕಿಲ್ಲ? ಮಂದಿ ದಡ್ಡರು ಅಂತಲ್ಲ. ಕಾಗದ ಕನ್ನಡದಾಗ ಇಲ್ಲ, ಅದಕ್ಕ.

ಇದು ಬರೇ ಭಾಷಾಭಿಮಾನದ ಮಾತಲ್ರಿ, ರೊಕ್ಕದ ಮಾತು. ತೊಗರಿ ಮಾರಿದ ರೊಕ್ಕ ಬ್ಯಾಂಕಿನ್ಯಾಗ ಕಟ್ಟತೀವಿ. ಉಳಿತಾಯ ಖಾತೆಗಿ ವರ್ಷದಾಗ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಬಿತ್ತಂದ್ರ ಬ್ಯಾಂಕಿನವರು ಇಲಾಖೆಗಿ ವರದಿ ಕೊಡಲೇಬೇಕು. ಮೂರು ಮಂದಿ ಅಣ್ಣತಮ್ಮಂದಿರ ಬೆಳಿ ರೊಕ್ಕ ಹಿರಿಯಣ್ಣನ ಒಂದೇ ಖಾತೆಗಿ ಬಿದ್ರ ಅಷ್ಟಾಗೋದು ದೊಡ್ಡ ಮಾತಲ್ಲ. ಕಂಪ್ಯೂಟರಿಗಿ ಪ್ಯಾನ್ ನಂಬರ್ ಕಾಣತದ, ಮೊತ್ತ ಕಾಣತದ. ತೊಗರಿ ಹೊಲ ಕಾಣಂಗಿಲ್ಲ. ಹಂಗಾಗಿ ‘ಈ ರೊಕ್ಕ ಎಲ್ಲಿಂದ ಬಂತು?’ ಅಂತ ಕೇಳತದ.

ಕೇಳಲಿ, ತಪ್ಪಿಲ್ಲ. ಒಕ್ಕಲುತನದ ಆದಾಯಕ್ಕ ಆದಾಯ ತೆರಿಗೆ ಇಲ್ಲ. ಪಹಣಿ, ಅಡತಿಯವರು ಕೊಟ್ಟ ಪಟ್ಟಿ, ಪಾಸ್‌ಬುಕ್ಕಿನ ನಕಲು ಇಟ್ಟು ನಾಕು ಸಾಲು ಬರದ್ರ ಮುಗಿಯೋ ಮಾತು. ಬರೀಲಿಲ್ಲಂದ್ರ? ಅಧಿಕಾರಿ ತನ್ನ ಕೈಯಾಗಿದ್ದ ಮಾಹಿತಿ ಮ್ಯಾಲೇ ತೀರ್ಮಾನ ಮಾಡಬಹುದು. 1961ರ ಕಾಯ್ದೆಯೊಳಗ 144ನೇ ಕಲಂ ಬರದಿದ್ದೇ ಅದಕ್ಕ. ‘ಮೂಲ ಹೇಳದ ರೊಕ್ಕ’ ಅಂತ ಒಮ್ಮೆ ಬರಕೊಂಡರಂದ್ರ ತೆರಿಗೆಯೇ ಇಲ್ಲದ ರೊಕ್ಕಕ್ಕ ತೆರಿಗೆ, ಬಡ್ಡಿ, ದಂಡ. ರೈತ ಮಾಡಿದ ತಪ್ಪೇನು? ತನಗ ಓದಾಕ ಬರದ ಪ್ರಶ್ನೆಗಿ ಉತ್ತರ ಕೊಡಲಿಲ್ಲ.

ಮೊದಲಾದ್ರ ಆಫೀಸಿಗಿ ಹೋಗಿ, ಅಧಿಕಾರಿ ಮುಂದ ಕುಂತು, ‘ಸಾಹೇಬ್ರ, ಇದು ತೊಗರಿ ರೊಕ್ಕ’ ಅಂತ ಬಾಯಿಲೆ ಹೇಳಬಹುದಿತ್ತು. ಈಗ ಬಹಳಷ್ಟು ವಿಚಾರಣೆ ಒಬ್ಬರ ಮುಖ ಒಬ್ಬರು ನೋಡದೇ ಕಂಪ್ಯೂಟರಿನ್ಯಾಗೇ ನಡೀತದ. ಲಂಚ ಕಮ್ಮಿ ಆಗತದ ಅಂತಾರ, ಆಗಲಿ. ಆದ್ರ ಬಾಯಿ ಬಂದ್ ಮಾಡಿದ ಮ್ಯಾಲ ಬರಹ ಆದ್ರೂ ತಿಳಿಯೋಹಂಗ ಇರಬೇಕಲ್ಲ?

‘ಕಾನೂನಿನ ಶಬ್ದ ಕನ್ನಡದಾಗ ಕೂಡಂಗಿಲ್ಲ’ ಅಂತಾರ ಶ್ಯಾಣ್ಯಾರು. ಹಂಗಾದ್ರ ಪಹಣಿ ನೋಡ್ರಿ. ಭೂಮಿ ಯೋಜನೆ ಬಂದು ಇಪ್ಪತ್ತು ವರ್ಷದ ಮ್ಯಾಲಾತು. ಸರ್ವೆ ನಂಬರ್, ಖರಾಬು, ಆಕಾರ, ಸಾಲದ ಬೋಜಾ ಎಲ್ಲಾ ಕಂಪ್ಯೂಟರಿನಿಂದ ಕನ್ನಡದಾಗೇ ಬರತಾವ. ಅದೂ ಕಾನೂನಿನ ಕಾಗದನೇ. ರಾಜ್ಯದ ಕಂಪ್ಯೂಟರಿಗಿ ಬರೋ ಕನ್ನಡ ಕೇಂದ್ರದ ಕಂಪ್ಯೂಟರಿಗಿ ಯಾಕ ಬರಂಗಿಲ್ಲ? ಕವಿರಾಜಮಾರ್ಗದ ಕಾಲಕ್ಕ ರಾಜಧಾನಿ ಆಗಿದ್ದ ಮಳಖೇಡ ನಮ್ಮ ಸೇಡಂ ತಾಲೂಕಿನ್ಯಾಗೇ ಅದ. ಅಂಥ ನೆಲದ ಭಾಷೆಗಿ ಒಂದು ನೋಟಿಸು ಭಾರ ಆಗತದಂದ್ರ ನಾ ಒಪ್ಪಂಗಿಲ್ಲ.

ನಮ್ಮ ಭಾಗಕ್ಕ ಇದು ಹೊಸಾದೂ ಅಲ್ಲ. 1948ರ ತನಕ ನಿಜಾಮರ ಆಡಳಿತ ಇತ್ತು, ಸರಕಾರಿ ಕಾಗದ ಉರ್ದುವಿನ್ಯಾಗ ಇರತಿದ್ವು. ಅವಾಗ ಅಜ್ಜ ಉರ್ದು ಬರೋರ ಮನಿ ಮುಂದ ನಿಂತ. ಈಗ ಮೊಮ್ಮಗ ಇಂಗ್ಲಿಷ್ ಬರೋರ ಅಂಗಡಿ ಮುಂದ ನಿಂತಾನ. ನಿಂದ್ರೋದು ಮಾತ್ರ ತಪ್ಪಲಿಲ್ಲ.

ನಿಯಮ ಏನಂತದ? 1976ರ ರಾಜಭಾಷಾ ನಿಯಮಗಳ ಪ್ರಕಾರ ಕರ್ನಾಟಕ ‘ಸಿ’ ವಲಯದಾಗ ಬರತದ. ಇಲ್ಲಿ ಮಂದಿಗಿ ಕೇಂದ್ರದ ಕಚೇರಿಗಳು ಇಂಗ್ಲಿಷಿನಲ್ಲಿ ಬರೀಬೇಕು. ಹಿಂದಿಯೊಳಗ ಪತ್ರ ಬಂದ್ರ ಹಿಂದಿಯೊಳಗೇ ಉತ್ತರ ಕೊಡಬೇಕು ಅಂತಲೂ ಅದರಾಗ ಅದ. ಕನ್ನಡದ ಪತ್ರಕ್ಕ ಕನ್ನಡದಾಗ ಉತ್ತರ ಅನ್ನೋ ಮಾತು ಇಲ್ಲ. ಸಂವಿಧಾನದ 350ನೇ ವಿಧಿ ಮಾತ್ರ, ಕುಂದುಕೊರತೆ ಇದ್ದವರು ದೇಶದಾಗ ಅಥವಾ ರಾಜ್ಯದಾಗ ಬಳಸೋ ಯಾವ ಭಾಷೆಯಲ್ಲಾದ್ರೂ ಅಧಿಕಾರಿಗಿ ಮನವಿ ಕೊಡಬಹುದು ಅಂತದ. ಅಂದ್ರ ಕನ್ನಡದಾಗ ಬರಿಯೋ ಹಕ್ಕು ನಮಗದ, ಓದೋ ಹಕ್ಕಿಲ್ಲ. ಇದೆಂಥ ನ್ಯಾಯ್ರಿ?

ನಾ ಕೇಳೋದು ಇಡೀ ಕಾಯ್ದೆಯ ಅನುವಾದ ಅಲ್ಲ. ಪ್ರತಿ ನೋಟಿಸಿನ ಜೋಡಿ ಒಂದು ಪುಟ ಕನ್ನಡ ಇರಲಿ: ಏನು ಕೇಳ್ಯಾರ, ಯಾವ ತಾರೀಖಿನೊಳಗ ಹೇಳಬೇಕು, ಯಾವ್ಯಾವ ಕಾಗದ ಇಡಬೇಕು, ಹೇಳದಿದ್ರ ಏನಾಗತದ. ಇಷ್ಟೇ. ಇದನ್ನ ನಮ್ಮ ಸಂಸದರಿಗಿ ಕೇಳ್ರಿ. ಓಟು ಕೇಳಾಕ ಬರೋವಾಗ ಅವರು ಕನ್ನಡದಾಗೇ ಮಾತಾಡತಾರಲ್ಲ.

ಅಲ್ಲಿತನಕ ಕಾಗದ ಜಗಲಿ ಮ್ಯಾಲ ಇಡಬ್ಯಾಡ್ರಿ. ಮೊದಲು ತಾರೀಖು ನೋಡ್ರಿ. ಆಮ್ಯಾಲ ಡಿಐಎನ್ ನಂಬರ್ ನೋಡ್ರಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಕ್ಕ ಅದು ಇರಬೇಕು ಅಂತ ನಿಯಮ ಅದ. ಅದನ್ನ ಇಲಾಖೆಯ ಜಾಲತಾಣದಾಗ ಹಾಕಿದ್ರ ಕಾಗದ ಖರೇನೋ ಖೊಟ್ಟಿನೋ ತಿಳೀತದ, ಪಾಸ್‌ವರ್ಡ್ ಬೇಕಿಲ್ಲ. ಖಾತೆದಾಗ ಏಜೆಂಟನ ಮೊಬೈಲ್ ನಂಬರ್ ಇದ್ರ ತಗಸಿ ನಿಮ್ಮದು ಹಾಕಸ್ರಿ, ಇಲ್ಲಾಂದ್ರ ಕಾಗದ ಬಂದದ್ದೇ ನಿಮಗ ತಿಳಿಯಂಗಿಲ್ಲ. ಜವಾಬು ಇಂಗ್ಲಿಷಿನಲ್ಲಿ ಬರಸಿದ್ರೂ, ‘ನನಗ ಕನ್ನಡದಾಗ ತಿಳಿಸಬೇಕು’ ಅಂತ ಕನ್ನಡದ ಎರಡು ಸಾಲು ಕೆಳಗ ಸೇರಸ್ರಿ. ಸಲ್ಲಿಸಿದ ಪಾವತಿ ತಗೊಂಡು ಜಪ್ಪಿಸಿ ಇಡ್ರಿ.