ಗೋಬರ್ ಗ್ಯಾಸಿಗೆ ಮೇಸ್ತ್ರಿ ಯಾರು?



ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಓಡಾಡುವಾಗ ಕೆಟ್ಟು ನಿಂತ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕಂಡಿದ್ದೇನೆ. ಒಂದರ ಹೊರತೊಟ್ಟಿಯಲ್ಲಿ ಶೇಂಗಾ ಹೊಟ್ಟು ತುಂಬಿತ್ತು. ಇನ್ನೊಂದರ ಗುಮ್ಮಟದ ಮೇಲೆ ಕೋಳಿಗೂಡು ಎದ್ದಿತ್ತು. ವಿಚಾರಿಸಿದರೆ ಬರುವ ಉತ್ತರ ಒಂದೇ: "ಗ್ಯಾಸ್ ಬರಲಿಲ್ಲ ಸ್ವಾಮಿ, ನಮ್ಮ ಸೀಮೆಗೆ ಅದು ಆಗಿಬರೋದಿಲ್ಲ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಸಗಣಿಯನ್ನು ಕೊಳೆಯಿಸಿ ಅನಿಲ ಮಾಡುವ ಸೂಕ್ಷ್ಮಜೀವಿಗಳಿಗೆ ಬೇಕಾದ ಬಿಸುಪು ನಮ್ಮಲ್ಲಿ ವರ್ಷದ ಬಹುಕಾಲ ಇದ್ದೇ ಇದೆ. ಈ ಸ್ಥಾವರಗಳಲ್ಲಿ ಹೆಚ್ಚಿನವುಗಳಲ್ಲಿ ಗ್ಯಾಸು ಹುಟ್ಟಿತ್ತು, ಆದರೆ ನಿಲ್ಲಲಿಲ್ಲ. ಗುಮ್ಮಟದ ಬಿರುಕಿನಿಂದ ಸೋರಿಹೋಯಿತು.

ಇದರ ಮೂಲ ಸ್ವಲ್ಪ ಹಿಂದಿನದು. ಖಾದಿ ಆಯೋಗದ ಹಳೆಯ ಮಾದರಿಯಲ್ಲಿ ಗ್ಯಾಸು ಹಿಡಿಯುತ್ತಿದ್ದುದು ಕಾರ್ಖಾನೆಯಲ್ಲಿ ಮಾಡಿದ ಕಬ್ಬಿಣದ ಡ್ರಮ್ಮು. ಗಾರೆಯವನು ಬಾವಿಯಂಥ ಗುಂಡಿ ಕಟ್ಟಿದರೆ ಸಾಕಿತ್ತು. ಡ್ರಮ್ಮಿನ ಬೆಲೆ ಏರಿತು, ತುಕ್ಕೂ ಹಿಡಿಯಿತು. 1984ರಲ್ಲಿ ದೀನಬಂಧು ಮಾದರಿ ಬಂದಾಗ ಡ್ರಮ್ಮು ಹೋಗಿ ಇಟ್ಟಿಗೆ ಸಿಮೆಂಟಿನ ಗುಮ್ಮಟವೇ ಗ್ಯಾಸಿನ ಪೆಟ್ಟಿಗೆಯಾಯಿತು. ಖರ್ಚು ಇಳಿಯಿತು. ಜೊತೆಗೆ ಡ್ರಮ್ಮಿನ ಕಾರ್ಖಾನೆಯ ಹೊಣೆಯೆಲ್ಲ ಮೇಸ್ತ್ರಿಯ ಕರಣೆಗೆ ಬಂದು ಬಿತ್ತು. ಇದನ್ನು ನಾವು ರೈತರಿಗೆ ಸಾಕಷ್ಟು ಒತ್ತಿ ಹೇಳಲಿಲ್ಲವೆಂಬುದು ನನ್ನ ಅಭಿಪ್ರಾಯ. ಎಷ್ಟು ಕಟ್ಟಿದೆವು ಎಂದು ಎಣಿಸಿದೆವು, ಎಷ್ಟು ಉರಿಯುತ್ತಿವೆ ಎಂದು ಎಣಿಸಿದ್ದು ಕಡಿಮೆ.

ನಿಮ್ಮೂರಿನ ಗಾರೆ ಮೇಸ್ತ್ರಿ ಒಳ್ಳೆಯ ಮನೆ ಕಟ್ಟುವವನೇ ಇರಬಹುದು. ಆದರೆ ಮನೆಯ ಮಾಳಿಗೆ ಮೇಲಿನಿಂದ ಬೀಳುವ ಮಳೆಯನ್ನು ತಡೆದರಾಯಿತು, ಗುಮ್ಮಟ ಒಳಗಿನಿಂದ ಒತ್ತುವ ಅನಿಲವನ್ನು ತಡೆಯಬೇಕು. ನೀರು ನುಸುಳದ ಬಿರುಕಿನಲ್ಲೂ ಅನಿಲ ನುಸುಳುತ್ತದೆ. ಆದ್ದರಿಂದ ಗಿಲಾವು ಒಂದೇ ಪದರದಲ್ಲಿ ಮುಗಿಯುವಂಥದ್ದಲ್ಲ. ತೆಳುವಾಗಿ ಹಲವು ಪದರ ಹಾಕಿ ಉಜ್ಜಿ, ಕೊನೆಗೆ ಅನಿಲ ಸೋರದಂತೆ ಬಣ್ಣ ಬಳಿಯಬೇಕು. ಪದರ ಒಣಗಿ ಸೀಳದಂತೆ ದಿನವೂ ನೀರುಣಿಸಬೇಕು. ಸುಮಾರು 500 ಮಿ.ಮೀ. ಮಳೆಯ ಈ ಬಯಲುಸೀಮೆಯಲ್ಲಿ, ಬೇಸಿಗೆಯ ಬಿಸಿಗಾಳಿಯಲ್ಲಿ, ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೊಳಕಾಲ್ಮೂರು ಕಡೆಯ ರೈತರೊಬ್ಬರು ಟ್ಯಾಂಕರ್ ನೀರಿನ ದುಡ್ಡು ಉಳಿಸಲು ಎರಡೇ ದಿನ ನೀರು ಹಾಕಿದ್ದರು. ಹಾಗೆ ಮಾಡಬಾರದೆಂದು ಹೇಳಲು ಅವರ ಮೇಸ್ತ್ರಿಗೆ ತಿಳಿದಿರಲಿಲ್ಲ. ಮರುವರ್ಷ ತರಬೇತಿ ಪಡೆದ ಮೇಸ್ತ್ರಿಯೊಬ್ಬ ಒಳಗಿನ ಗಿಲಾವು ಕೆತ್ತಿ ಹೊಸದಾಗಿ ಹಾಕಿದ ಮೇಲೆ ಅದೇ ಸ್ಥಾವರದಲ್ಲಿ ಎರಡು ಹೊತ್ತಿನ ಅಡಿಗೆಯಾಗುತ್ತಿದೆ. ಉಳಿಸಿದ್ದಕ್ಕಿಂತ ಹೆಚ್ಚು ಹಣ ಖರ್ಚಾಯಿತೆಂದು ಬೇರೆ ಹೇಳಬೇಕಿಲ್ಲ. ಕಪ್ಪು ಎರೆ ಭೂಮಿಯಾದರೆ ಇನ್ನೂ ಎಚ್ಚರ ಬೇಕು. ಮಣ್ಣು ಹಿಗ್ಗಿ ಕುಗ್ಗುವಾಗ ಗೋಡೆಯನ್ನೇ ಎಳೆಯುತ್ತದೆ.

ಮೇಸ್ತ್ರಿಯನ್ನು ಗೊತ್ತುಮಾಡುವ ಮುನ್ನ ತರಬೇತಿ ಪ್ರಮಾಣಪತ್ರವನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಆತ ಕಟ್ಟಿ ಎರಡು ಮಳೆಗಾಲ ಕಳೆದ ಸ್ಥಾವರವೊಂದನ್ನು ಹೋಗಿ ನೋಡಿ, ಒಲೆ ಹಚ್ಚಿ ತೋರಿಸಲು ಆ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ. ಅವರು ಮುಚ್ಚಿಡುವುದಿಲ್ಲ. ಕೂಲಿಯ ಕೊನೆಯ ಕಂತನ್ನು ಒತ್ತಡದ ಪರೀಕ್ಷೆ ಆಗುವವರೆಗೆ ಕೈಯಲ್ಲಿಟ್ಟುಕೊಳ್ಳಿ. ಗುಂಡಿಗೆ ನೀರು ತುಂಬಿ, ಕೊಳವೆಗೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯ ನೀರಿನ ಮಾಪಕ ಜೋಡಿಸಿ, ಮಟ್ಟ ಇಳಿಯುವುದೇ ನೋಡುವುದು ಈ ಪರೀಕ್ಷೆ. ಕೊಳವೆಯ ಕೀಲುಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಪರೀಕ್ಷೆಯ ನೀರು ವ್ಯರ್ಥವಲ್ಲ, ಮುಂದೆ ಸಗಣಿ ಕಲಸಲು ಬರುತ್ತದೆ.

ಎಲ್ಲರೂ ಕಟ್ಟಿಸಿರೆಂದು ನಾನು ಹೇಳುವುದಿಲ್ಲ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿ.ಗ್ರಾಂ. ಸಗಣಿ, ಅಷ್ಟೇ ನೀರು ಬೇಕು. ಅಂದರೆ ನಾಲ್ಕಾರು ದನಗಳು ಕೊಟ್ಟಿಗೆಯಲ್ಲಿರಬೇಕು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ವಲಸೆ ಹೋಗುವ ಮನೆಯವರಿಗೆ ಇದು ತಕ್ಕುದಲ್ಲ. ಅಂಥವರಿಗೆ ಸಿಲಿಂಡರ್ ಗ್ಯಾಸೇ ಮೇಲು. 2016ರ ಉಜ್ವಲ ಯೋಜನೆಯ ನಂತರ ಅದು ಹಳ್ಳಿಗಳಲ್ಲೂ ಹರಡಿದೆ. ಆದರೆ ಸಿಲಿಂಡರಿನ ಒಲೆಯನ್ನು ಹಾಗೆಯೇ ಗೋಬರ್ ಗ್ಯಾಸಿಗೆ ಜೋಡಿಸಬೇಡಿ. ಎರಡರ ಒತ್ತಡವೂ ಉರಿಯ ರಂಧ್ರವೂ ಬೇರೆ. ಸಿಲಿಂಡರಿನ ರೆಗ್ಯುಲೇಟರನ್ನು ಸೈಕಲ್ ರಿಪೇರಿಯವನ ಕೈಗೆ ಕೊಡುವವರನ್ನೂ ನೋಡಿದ್ದೇನೆ. ಏಜೆನ್ಸಿಯ ಮೆಕ್ಯಾನಿಕ್ ಬರಲು ಎರಡು ದಿನ ತಡವಾದರೂ ಕಾಯಿರಿ.

ನಾನು ಬೇಸಾಯಶಾಸ್ತ್ರದವನು, ನನ್ನ ಕಣ್ಣು ಹೊರತೊಟ್ಟಿಗೆ ಬರುವ ಬಗ್ಗಡದ ಮೇಲೆ. ಒಲೆಗೆ ಹೋದ ಬೆರಣಿಯಿಂದ ಹೊಲಕ್ಕೆ ಉಳಿಯುವುದು ಬೂದಿ ಮಾತ್ರ. ಬಗ್ಗಡದಲ್ಲಿ ಸಗಣಿಯ ಸಾರಜನಕ ಬಹುಮಟ್ಟಿಗೆ ಉಳಿದೇ ಹೊಲ ಸೇರುತ್ತದೆ. ನಮ್ಮ ಕೆಂಪು ಮರಳು ಭೂಮಿಗೆ ಬೇಕಾದದ್ದೂ ಅದೇ. ಗುಮ್ಮಟ ಸೋರಿ ಸ್ಥಾವರ ನಿಂತ ದಿನ ಆ ಗೊಬ್ಬರವೂ ನಿಲ್ಲುತ್ತದೆ.

ಈ ಎರಡು ತಾಲ್ಲೂಕುಗಳ ಗಾರೆ ಕೆಲಸದ ಯುವಕರಿಗೇ ತರಬೇತಿ ಕೊಡಿಸುವಂತೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲೂ ಪಂಚಾಯಿತಿಯಲ್ಲೂ ಒತ್ತಾಯಿಸಿ. ದೂರದಿಂದ ಬಂದು ಕಟ್ಟಿಹೋದವನು ರಿಪೇರಿಗೆ ಬರುವುದು ಕಷ್ಟ. ರಿಪೇರಿಯಾಗದ ಗುಂಡಿಗೆ ಮನೆಯವರೇ ಇಳಿಯುತ್ತಾರೆ. ಅಲ್ಲಿ ಉಸಿರಿಗೆ ಗಾಳಿ ಇರುವುದಿಲ್ಲ, ವಿಷಾನಿಲವಿರುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಗುಂಡಿ ಪೂರ್ತಿ ಖಾಲಿಯಾಗಿ, ಬಾಯಿ ತೆರೆದು ಗಾಳಿಯಾಡಿಸಿದ ಮೇಲೂ, ಕೆಲಸ ತಿಳಿದವನ ಹೊರತು ಯಾರನ್ನೂ ಒಳಗೆ ಬಿಡಬೇಡಿ. ಆತನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತಿರಿ.