ಅಡುಗೆಯಮ್ಮನ ವರ್ಗಾವಣೆ: ತಮಿಳುನಾಡಿನ ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಾನು ಕೊಳ್ಳೇಗಾಲದ ಕಡೆಯವನು. 1956ರ ನವೆಂಬರ್ 1ರ ತನಕ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪೆರಿಯಾರ್ ಹುಟ್ಟಿದ ಈರೋಡು ಕೂಡ 1979ರವರೆಗೆ ಅದೇ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ ಆಡುತ್ತಿದ್ದ ಕುಟುಂಬದಿಂದ ಬಂದ ಆ ಮನುಷ್ಯನ ಹೆಸರು ಹೇಳಿಯೇ ನಿಮ್ಮ ರಾಜ್ಯದ ರಾಜಕೀಯ ಇವತ್ತಿಗೂ ನಡೆಯುತ್ತದೆ. ಗಡಿಯಾಚೆಯವನೊಬ್ಬ ಬುದ್ಧಿ ಹೇಳಲು ಬಂದ ಎಂದುಕೊಳ್ಳದೆ, ಒಂದು ಕಾಲಕ್ಕೆ ಒಂದೇ ಕಚೇರಿಗೆ ಅರ್ಜಿ ಹಾಕುತ್ತಿದ್ದವರ ಕಡೆಯಿಂದ ಬಂದ ಕಾಗದ ಎಂದು ಇದನ್ನು ಓದಬೇಕೆಂದು ಕೋರುತ್ತೇನೆ.

ವಿಷಯ ತಿರುಪ್ಪೂರು ಜಿಲ್ಲೆಯ ಅವಿನಾಶಿ ತಾಲ್ಲೂಕಿನ ಒಂದು ಶಾಲೆಯದು. ಊರು ತಿರುಮಲೈಗೌಂಡನ್‌ಪಾಳಯಂ. 2018ರ ಜುಲೈನಲ್ಲಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಬಿಸಿಯೂಟದ ಅಡುಗೆಗೆಂದು ಅರುಂಧತಿಯರ್ ಎಂಬ ದಲಿತ ಸಮುದಾಯದ ಹೆಂಗಸೊಬ್ಬರು ಬಂದರು. ಆಕೆ ಮುಟ್ಟಿದ ಅನ್ನ ನಮ್ಮ ಮಕ್ಕಳಿಗೆ ಬೇಡ ಎಂದು ಮೇಲ್ಜಾತಿಯ ಪೋಷಕರು ಶಾಲೆಯ ಮುಂದೆ ನಿಂತರು. ಇಂಥದ್ದು ನಡೆಯುತ್ತದೆ, ನಮ್ಮಲ್ಲೂ ನಡೆದಿದೆ. ನನ್ನನ್ನು ಕಾಡುವುದು ಅದರ ಮರುಕ್ಷಣ ಸರ್ಕಾರಿ ಕಚೇರಿಯಲ್ಲಿ ನಡೆದದ್ದು. ಬ್ಲಾಕ್ ಅಭಿವೃದ್ಧಿ ಅಧಿಕಾರಿ ಆಕೆಯನ್ನೇ ವರ್ಗ ಮಾಡಿ ಆದೇಶ ಹೊರಡಿಸಿದರು. ದಲಿತ ಸಂಘಟನೆಗಳು, ಪ್ರಗತಿಪರರು ಬೀದಿಗಿಳಿದ ಮೇಲೆ ಸಬ್ ಕಲೆಕ್ಟರ್ ಆ ಆದೇಶವನ್ನು ರದ್ದು ಮಾಡಿದರು, ಪೊಲೀಸರು ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ಹಾಕಿದರು. 2025ರ ನವೆಂಬರ್‌ನಲ್ಲಿ ತಿರುಪ್ಪೂರಿನ ವಿಶೇಷ ನ್ಯಾಯಾಲಯ ಆರು ಮಂದಿಗೆ ಎರಡು ವರ್ಷ ಶಿಕ್ಷೆ ವಿಧಿಸಿತು. 2018ರಲ್ಲಿ ಆರನೇ ತರಗತಿಯಲ್ಲಿ ತಟ್ಟೆ ಹಿಡಿದು ಕೂತಿದ್ದ ಮಗು ಅಷ್ಟರಲ್ಲಿ ಶಾಲೆಯನ್ನೇ ಮುಗಿಸಿರುತ್ತದೆ.

ಆ ಹೆಂಗಸು ಒಲೆಯ ಮುಂದೆ ಕೂತದ್ದು ಆಕಸ್ಮಿಕವಲ್ಲ, ಮಾನ್ಯರೇ. ಅದರ ಹಿಂದೆ ಒಂದು ಶತಮಾನದ ಆಲೋಚನೆಯಿದೆ. 1920ರಲ್ಲಿ ಜಸ್ಟಿಸ್ ಪಕ್ಷದ ಕಾಲದಲ್ಲಿ ಮದ್ರಾಸ್ ನಗರಸಭೆ ತನ್ನ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಹಾಕಿತು. ಕಾಮರಾಜರು ಅದನ್ನು ರಾಜ್ಯಕ್ಕೆ ಹರಡಿದರು. 1982ರ ಜುಲೈನಲ್ಲಿ ಎಂ.ಜಿ. ರಾಮಚಂದ್ರನ್ ಅದಕ್ಕೆ ಇಂದಿನ ರೂಪ ಕೊಟ್ಟಾಗ ಖಜಾನೆ ಬರಿದಾಗುತ್ತದೆ ಎಂದವರೇ ಹೆಚ್ಚು. ಸುಪ್ರೀಂ ಕೋರ್ಟ್ 2001ರಲ್ಲಿ ಇಡೀ ದೇಶದ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದಾಗ ಎಲ್ಲರೂ ನೋಡಿದ್ದು ನಿಮ್ಮ ಕಡೆಗೆ. ಕರ್ನಾಟಕದ ಅಕ್ಷರ ದಾಸೋಹ ಶುರುವಾದದ್ದು ಅದರ ನಂತರ, 2002ರಲ್ಲಿ. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಇಟ್ಟಿತು: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದಿತು. ಒಂದು ಸೌಟಿನಿಂದ ಹಸಿವೂ ಹೋಗಬೇಕು, ಅಸ್ಪೃಶ್ಯತೆಯೂ ಹೋಗಬೇಕು ಎಂಬುದು ಆ ಮಾತಿನ ಆಶಯ. ಇಷ್ಟನ್ನೂ ಒಬ್ಬ ಅಧಿಕಾರಿಯ ಒಂದು ಸಹಿ ಅಳಿಸಿಹಾಕಲು ಹೊರಟಿತ್ತು.

ಆ ಅಧಿಕಾರಿಯನ್ನು ಕೆಟ್ಟವರೆಂದು ನಾನು ಬಗೆಯುವುದಿಲ್ಲ. ಇಂಥ ಕುರ್ಚಿಯಲ್ಲಿ ಕೂತವರ ಕಷ್ಟ ನಿಜವಾದದ್ದು. ಮಕ್ಕಳು ಶಾಲೆಗೆ ಬರುತ್ತಿಲ್ಲ, ಬಾಗಿಲಲ್ಲಿ ಜನ ಸೇರಿದ್ದಾರೆ, ಮೇಲಿನವರು ಫೋನಿನಲ್ಲಿ ‘ಗಲಾಟೆ ಬೇಡ, ಹೇಗಾದರೂ ಬಗೆಹರಿಸಿ’ ಎನ್ನುತ್ತಾರೆ. ಬಗೆಹರಿಸಲು ಕೈಗೆ ಸಿಗುವ ಅತ್ಯಂತ ಅಗ್ಗದ ದಾರಿ ವರ್ಗಾವಣೆ. ನೂರು ಮನೆಗಳನ್ನು ಎದುರುಹಾಕಿಕೊಳ್ಳುವುದಕ್ಕಿಂತ ಒಬ್ಬ ಹೆಂಗಸನ್ನು ಇನ್ನೊಂದು ಊರಿಗೆ ಕಳಿಸುವುದು ಸುಲಭ. ಆಕೆಯ ಜಾತಿಯ ಹೆಸರು ಆದೇಶದಲ್ಲಿ ಇರಬೇಕಿಲ್ಲ. ‘ಆಡಳಿತಾತ್ಮಕ ಕಾರಣ’ ಎಂದರೆ ಸಾಕು. ಆದರೆ ಆ ಕಾಗದ ಕೈಗೆ ಬಂದ ಕ್ಷಣದಲ್ಲಿ, ಅದುವರೆಗೆ ಊರಿನ ಕೆಲವರ ಹಟವಾಗಿದ್ದದ್ದು ಸರ್ಕಾರದ ತೀರ್ಮಾನವಾಗಿ ಬದಲಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಅವಿನಾಶಿ ಮೀಸಲು ಕ್ಷೇತ್ರ. 2018ರಲ್ಲಿ ಅಲ್ಲಿನ ಶಾಸಕರಾಗಿದ್ದವರು ಪಿ. ಧನಪಾಲ್, ವಿಧಾನಸಭೆಯ ಸ್ಪೀಕರ್, ಅರುಂಧತಿಯರ್ ಸಮುದಾಯದವರೇ. ಪರಿಶಿಷ್ಟರ ಶೇ 18ರೊಳಗೆ ಅರುಂಧತಿಯರಿಗೆ ಶೇ 3 ಒಳಮೀಸಲಾತಿ 2009ರಲ್ಲೇ ಬಂದಿತ್ತು. ತೆಲುಗು, ಕನ್ನಡ ಆಡುವ ಎಷ್ಟೋ ಪೌರಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಅದು ಕಾಲೇಜಿನ ಬಾಗಿಲು ತೆರೆದಿತ್ತು. ಪ್ರಾತಿನಿಧ್ಯ ಎಂಬ ಆದರ್ಶ ವಿಧಾನಸಭೆಯ ಅತಿ ಎತ್ತರದ ಕುರ್ಚಿಯವರೆಗೂ ಏರಿತು. ಆದರೂ ಅದೇ ಕ್ಷೇತ್ರದಲ್ಲಿ ಅದೇ ಸಮುದಾಯದ ಹೆಂಗಸೊಬ್ಬಳ ಕೈಯ ಸೌಟು ಉಳಿಯಲು ಜನ ಬೀದಿಗಿಳಿಯಬೇಕಾಯಿತು. ಕಾನೂನು ಕಡಿಮೆಯಾದ್ದರಿಂದ ಹೀಗಾಯಿತು ಎಂದು ನನಗನ್ನಿಸುವುದಿಲ್ಲ. ಪಕ್ಷ ಯಾವುದೇ ಇರಲಿ, ಊರ ಮಟ್ಟದಲ್ಲಿ ಅದರ ಕಾರ್ಯದರ್ಶಿ, ಗುತ್ತಿಗೆದಾರ, ಪಂಚಾಯಿತಿಯ ಯಜಮಾನ ಎಲ್ಲರೂ ಊರಿನ ಬಲಾಢ್ಯ ಜಾತಿಯವರೇ ಆಗಿರುವಾಗ ಅಧಿಕಾರಿ ಯಾರ ಮುಖ ನೋಡುತ್ತಾನೆ? ಕೊಯಮತ್ತೂರಿನ 10, ತಿರುಪ್ಪೂರಿನ 8 ವಿಧಾನಸಭಾ ಕ್ಷೇತ್ರಗಳ ಮತಗಳ ಲೆಕ್ಕ ಅವನಿಗೂ ಗೊತ್ತಿರುತ್ತದೆ.

ಊರಿನ ಕೂಗಿಗೆ ಆಳುವವರು ಮಣಿಯುವುದು ಹೊಸದಲ್ಲ. ಕಲ್ಯಾಣದ ಕಥೆ ಕನ್ನಡದವರಿಗೆಲ್ಲ ಗೊತ್ತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಮದುವೆಯಾಯಿತು. ಊರಿನ ದೊಡ್ಡವರು ಕೂಗೆಬ್ಬಿಸಿದರು. ಬಿಜ್ಜಳನ ಆಳ್ವಿಕೆ ಆ ಕೂಗಿಗೆ ಮಣಿದು ಇಬ್ಬರು ಬೀಗರನ್ನೂ ಎಳೆಹೂಟೆಗೆ ಕೊಟ್ಟಿತು. ಬಸವಣ್ಣನೇ ಭಂಡಾರಿಯಾಗಿದ್ದ ರಾಜ್ಯ ಅದು. ಎಂಟು ಶತಮಾನದ ಮೇಲೆ, 2016ರ ಮಾರ್ಚ್ 13ರಂದು, ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಬಸ್ ನಿಲ್ದಾಣದ ಬಳಿ ಶಂಕರ್ ಎಂಬ ದಲಿತ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಹಗಲಲ್ಲೇ ಕಡಿದರು, ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದದ್ದಕ್ಕೆ. 2019ರ ಜೂನ್‌ನಲ್ಲಿ ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳಯಂನಲ್ಲಿ ಒಬ್ಬ ತನ್ನ ತಮ್ಮನನ್ನೂ ಆತ ಪ್ರೀತಿಸಿದ ದಲಿತ ಹುಡುಗಿಯನ್ನೂ ಕಡಿದ. ಅದೇ ಮೆಟ್ಟುಪಾಳಯಂನ ನಡೂರಿನಲ್ಲಿ ಅದೇ ವರ್ಷ ಡಿಸೆಂಬರ್ 2ರ ಮಳೆಯಲ್ಲಿ ಎತ್ತರದ ಕಾಂಪೌಂಡ್ ಗೋಡೆಯೊಂದು ದಲಿತರ ಮನೆಗಳ ಮೇಲೆ ಬಿದ್ದು 17 ಜನ ಸತ್ತರು. ಗೋಡೆಯ ಬಗ್ಗೆ ಮೊದಲೇ ದೂರಿದ್ದೆವು ಎಂದು ಉಳಿದವರು ಅತ್ತರು.

ನಿಮ್ಮ ರಾಜ್ಯ ಏನೂ ಮಾಡಲಿಲ್ಲವೆಂದಲ್ಲ. ಪುರೋಹಿತರಿಲ್ಲದ ಆತ್ಮಗೌರವದ ಮದುವೆಗಳಿಗೆ ಕಾನೂನಿನ ಮಾನ್ಯತೆ ಕೊಡುವ ತಿದ್ದುಪಡಿ ತಂದದ್ದು 1967ರಲ್ಲಿ, ಅಣ್ಣಾದೊರೈ ಸರ್ಕಾರ. ಎಲ್ಲ ಜಾತಿಯವರೂ ಒಂದೆಡೆ ಬಾಳಲಿ ಎಂದು ಕರುಣಾನಿಧಿ ಸಮತ್ವಪುರಂಗಳನ್ನು ಕಟ್ಟಿಸಿದರು. ಇವು ಸಣ್ಣವಲ್ಲ, ನಮ್ಮಲ್ಲಿ ಇವು ಯಾವುದೂ ಆಗಲಿಲ್ಲ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ದಲಿತರು ಬೆಂದುಹೋದರು, ಆರೋಪಿಗಳೆಲ್ಲ ಖುಲಾಸೆಯಾದರು. ಕರ್ನಾಟಕದವನಾಗಿ ಆ ನಾಚಿಕೆಯನ್ನು ಹೊತ್ತುಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ರಾಜ್ಯ ಸೋತರೆ ನಾವು ತೋರಿಸಿಕೊಳ್ಳಲು ಇನ್ನೊಂದು ಮಾದರಿ ಇಲ್ಲ ಎಂಬುದೂ ನನ್ನ ಆತಂಕ.

ಹಾಗಾಗಿ ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾಲ್ಕನೇ ಸೆಕ್ಷನ್ ಇದೆ: ಕಾಯ್ದೆಯಡಿ ತಾನು ಮಾಡಬೇಕಾದ ಕೆಲಸವನ್ನು ಬೇಕೆಂದೇ ಕಡೆಗಣಿಸುವ ಪರಿಶಿಷ್ಟೇತರ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ. ಊರಿನವರ ಮೇಲೆ ಹಾಕುವ ಸೆಕ್ಷನ್‌ಗಳನ್ನು ಎಲ್ಲರೂ ಬಲ್ಲರು. ಕಚೇರಿಯೊಳಗೆ ನೋಡುವ ಈ ಸೆಕ್ಷನ್ನನ್ನು ಮುಟ್ಟುವವರು ಕಡಿಮೆ. ಜಾತಿಯ ದೂರಿಗೆ ಮಣಿದು ಅಡುಗೆಯವರನ್ನಾಗಲಿ, ಅಂಗನವಾಡಿಯವರನ್ನಾಗಲಿ ಯಾವ ಅಧಿಕಾರಿಯೂ ವರ್ಗ ಮಾಡುವಂತಿಲ್ಲ, ಮಾಡಿದರೆ ಇದೇ ಸೆಕ್ಷನ್ನಿನಡಿ ವಿಚಾರಣೆ ಎಂದು ಸ್ಪಷ್ಟವಾಗಿ ಆದೇಶ ಮಾಡಿ. ಆ ಆದೇಶದ ಬಲವಿದ್ದರೆ, ಜನ ಬಾಗಿಲಿಗೆ ಬಂದಾಗ ಪ್ರಾಮಾಣಿಕ ಅಧಿಕಾರಿಗೂ ‘ನನ್ನ ಕೈಲಿಲ್ಲ’ ಎಂದು ಹೇಳಲು ಧೈರ್ಯ ಬರುತ್ತದೆ. ಮರ್ಯಾದೆಯ ಹೆಸರಿನ ಕೊಲೆಗಳ ವಿರುದ್ಧ ಕಾನೂನು ರೂಪಿಸಲು 2025ರ ಅಕ್ಟೋಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ.ಎನ್. ಬಾಷಾ ಅವರ ಆಯೋಗವನ್ನು ಸರ್ಕಾರ ಘೋಷಿಸಿತು. ರಕ್ಷಣೆ ಕೇಳಿ ಠಾಣೆಗೆ ಬಂದ ಜೋಡಿಯನ್ನು ‘ಮನೆಯವರ ಜೊತೆ ಮಾತಾಡಿಕೊಳ್ಳಿ’ ಎಂದು ವಾಪಸ್ ಕಳಿಸುವ ಪೊಲೀಸರ ಹೊಣೆ ಏನು ಎಂಬುದನ್ನೂ ಆ ಕಾನೂನು ಹೇಳಲಿ.

ಪೆರಿಯಾರ್ ಹುಟ್ಟಿದ ದಿನವಾದ ಸೆಪ್ಟೆಂಬರ್ 17 ನಿಮ್ಮಲ್ಲಿ 2021ರಿಂದ ಸಾಮಾಜಿಕ ನ್ಯಾಯ ದಿನ. ಸರ್ಕಾರಿ ಕಚೇರಿಗಳಲ್ಲಿ ಪ್ರತಿಜ್ಞೆ ನಡೆಯುತ್ತದೆ. ಆ ಪ್ರತಿಜ್ಞೆಗೆ ಮುನ್ನ ಪ್ರತಿ ಜಿಲ್ಲೆಯ ಕಲೆಕ್ಟರ್ ಒಂದು ಪಟ್ಟಿ ಹೊರಡಿಸಲಿ: ಕಳೆದ ವರ್ಷ ಊರಿನವರ ದೂರಿನ ಮೇಲೆ ವರ್ಗವಾದ ಅಡುಗೆಯವರು ಎಷ್ಟು, ದೂರು ಏನಿತ್ತು, ಆದೇಶಕ್ಕೆ ಸಹಿ ಹಾಕಿದವರು ಯಾರು. ತಿರುಪ್ಪೂರಿನ ಪಟ್ಟಿ ಎಲ್ಲಕ್ಕಿಂತ ಮೊದಲು ಬರಲಿ ಎಂದು ಕೋರುತ್ತೇನೆ.

ನಿಮ್ಮ ವಿಶ್ವಾಸಿ,
ಕೊಳ್ಳೇಗಾಲದ ಒಬ್ಬ ನಾಗರಿಕ