ಗಡಿ ದಾಟಿದರೆ ಜೂಜು ಆಟವಾಗುತ್ತದೆಯೇ?

2023ರ ಮಾತು. ನನ್ನ ಟೀಮಿನಲ್ಲಿ ಹುಮನಾಬಾದ್ ಕಡೆಯ ಹುಡುಗನೊಬ್ಬನಿದ್ದ. ಟೆಸ್ಟಿಂಗ್ ಕೆಲಸದಲ್ಲಿ ಬಹಳ ಚುರುಕು. ಶುಕ್ರವಾರ ಸಂಜೆಯಾದರೆ ಸಾಕು, ಬ್ಯಾಗು ಹೆಗಲಿಗೇರಿಸಿ ಊರಿನ ಬಸ್ಸಿಗೆ ಓಡುತ್ತಿದ್ದ. ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ನಾನು ದಾವಣಗೆರೆಯವನು, ಹೈದರಾಬಾದಿಗೆ ಬಂದ ಮೇಲೆ ವರ್ಷಕ್ಕೆ ಎರಡು ಸಲ ಊರಿಗೆ ಹೋದರೆ ಹೆಚ್ಚು. ಹಾಗಾಗಿ ಅವನನ್ನು ಕಂಡರೆ ಒಳಗೊಳಗೇ ಸಣ್ಣ ಹೊಟ್ಟೆಕಿಚ್ಚು. ಒಮ್ಮೆ ಅವನ ತಾಯಿ ಫೋನಿನಲ್ಲಿ ಸಿಕ್ಕಾಗ, "ವಾರ ವಾರ ತಪ್ಪದ ಬರ್ತಾನ ನೋಡ್ರಿ ಸಾಹೇಬ್ರ ನನ್ನ ಮಗ" ಅಂದಿದ್ದರು. ಆ ದನಿಯಲ್ಲಿದ್ದ ಹೆಮ್ಮೆ ಇನ್ನೂ ನೆನಪಿದೆ.

ನಿಜ ಗೊತ್ತಾದದ್ದು ಸಾಲದ ಆ್ಯಪ್ ಒಂದರ ವಸೂಲಿಯವನು ನನ್ನ ನಂಬರಿಗೇ ಫೋನ್ ಮಾಡಿ ಬಯ್ದಾಗ. ಹುಡುಗನನ್ನು ಕಾನ್ಫರೆನ್ಸ್ ರೂಮಿಗೆ ಕರೆದು ಕೂರಿಸಿದೆ. ಅವನು ಊರಿಗೆ ಹೋಗುತ್ತಿದ್ದದ್ದು ತಾಯಿಯನ್ನು ನೋಡಲಿಕ್ಕಲ್ಲ, ಲೊಕೇಶನ್‌ಗಾಗಿ. ತೆಲಂಗಾಣದಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ರಮ್ಮಿಗೆ 2017ರಿಂದಲೇ ನಿಷೇಧವಿತ್ತು. ಹೈದರಾಬಾದಿನಲ್ಲಿ ಆ್ಯಪ್ ತೆರೆದರೆ ನಿಮ್ಮ ರಾಜ್ಯದಲ್ಲಿ ಈ ಸೌಲಭ್ಯವಿಲ್ಲ ಎಂಬ ಸಂದೇಶ ಬರುತ್ತಿತ್ತು. ಬಸ್ಸು ಜಹೀರಾಬಾದ್ ದಾಟಿ ಕರ್ನಾಟಕದೊಳಗೆ ಬಂದರೆ ಅದೇ ಆ್ಯಪ್ ಬಾಗಿಲು ತೆರೆದು ಸ್ವಾಗತಿಸುತ್ತಿತ್ತು. "ಅಲ್ಲಿ ಲೀಗಲ್ ಅದ ಸರ್" ಅಂದ. ಹೋದ ಹಣ 11 ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಸಾಲ.

ಆ ಒಂದು ವಾಕ್ಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅಂದರೆ ಗಡಿಯ ಈಚೆ ಅಪರಾಧ, ಆಚೆ ಕೌಶಲದ ಆಟ. ಆಡುವವನು ಅವನೇ, ಎಲೆ ಅವೇ, ಕಳೆಯುವ ದುಡ್ಡೂ ಅದೇ. ಬದಲಾದದ್ದು ಹೆಸರು ಮಾತ್ರ.

ಈ ಹೆಸರು ಬದಲಿಸುವ ವ್ಯಾಪಾರದ ಬಗ್ಗೆಯೇ ನನ್ನ ಜಗಳ.

ಇದು ನಮ್ಮ ದೇಶದ ಕಾಯಿಲೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ ಎಂಬ ವೇಷದಲ್ಲಿ ಇದೇ ನಡೆದಿದೆ. ಅಲ್ಲಿ ಎರಡು ಬಗೆಯ ನಾಣ್ಯಗಳಿರುತ್ತವೆ. ಒಂದು ಗೋಲ್ಡ್ ಕಾಯಿನ್, ದುಡ್ಡು ಕೊಟ್ಟು ಕೊಳ್ಳುವುದು, ಆದರೆ ಅದಕ್ಕೆ ನಗದು ಬೆಲೆಯಿಲ್ಲ. ಅದನ್ನು ಕೊಂಡಾಗ ಸ್ವೀಪ್ಸ್ ಕಾಯಿನ್ ಎಂಬ ಇನ್ನೊಂದು ನಾಣ್ಯ "ಉಚಿತ"ವಾಗಿ ಬರುತ್ತದೆ. ಅದನ್ನು ಆಡಿ ಗೆದ್ದರೆ ಡಾಲರಿಗೆ ಬದಲಿಸಿಕೊಳ್ಳಬಹುದು. ಕಂಪನಿಯ ವಾದ ಸರಳ: ನಾವು ಜೂಜಿಗೆ ದುಡ್ಡು ತೆಗೆದುಕೊಂಡಿಲ್ಲ, ನೀವು ಕೊಂಡದ್ದು ಆಟಿಕೆ ನಾಣ್ಯ, ಉಳಿದದ್ದು ಬಹುಮಾನ. ತಂಪು ಪಾನೀಯದ ಬಾಟಲಿ ಮುಚ್ಚಳದೊಳಗೆ ಬಹುಮಾನ ಇಡುವವರಿಗಾಗಿ ಇದ್ದ ನಿಯಮದ ನೆರಳಿನಲ್ಲಿ ಇಡೀ ಕ್ಯಾಸಿನೊ ಕಟ್ಟಿಬಿಟ್ಟರು.

2025ರಲ್ಲಿ ಅಲ್ಲಿನ ರಾಜ್ಯಗಳು ಎಚ್ಚೆತ್ತವು. ಮೊದಲು ಮೊಂಟಾನಾ, ಆಮೇಲೆ ಕನೆಕ್ಟಿಕಟ್, ನ್ಯೂಜೆರ್ಸಿ ಕಾನೂನು ತಂದವು. ನ್ಯೂಯಾರ್ಕಿನ ಅಟಾರ್ನಿ ಜನರಲ್ 26 ಸೈಟುಗಳಿಗೆ ವ್ಯವಹಾರ ನಿಲ್ಲಿಸುವಂತೆ ನೋಟಿಸ್ ಕೊಟ್ಟರು. ಕ್ಯಾಲಿಫೋರ್ನಿಯಾದ ನಿಷೇಧ 2026ರ ಜನವರಿ 1ರಿಂದ ಜಾರಿ. ಲೂಯಿಸಿಯಾನಾದಲ್ಲಿ ಮಾತ್ರ ಶಾಸನಸಭೆ ಒಪ್ಪಿದ ಮಸೂದೆಯನ್ನು ರಾಜ್ಯಪಾಲರೇ ತಡೆದರು. ಅಲ್ಲಿಯೂ ನಮ್ಮ ಹುಮನಾಬಾದ್ ಬಸ್ಸಿನ ಕಥೆಯೇ. ಒಂದು ರಾಜ್ಯದಲ್ಲಿ ಬಾಗಿಲು ಮುಚ್ಚಿದರೆ ಪಕ್ಕದಲ್ಲಿ ತೆರೆದಿರುತ್ತದೆ.

ನಮ್ಮಲ್ಲಿ ಎರಡು ನಾಣ್ಯದ ಬದಲು ಒಂದು ಪದ ಸಾಕಾಯಿತು: ಕೌಶಲ. ಇದರ ಮೂಲ ನಾನೀಗ ಇರುವ ಊರಿನಲ್ಲೇ ಇದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡಿದವರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1968ರಲ್ಲಿ ಕೋರ್ಟ್ ಹೇಳಿತು. ಆನ್‌ಲೈನ್ ಕಂಪನಿಗಳು ಈ ತೀರ್ಪನ್ನು ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡವು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಣಕ್ಕಿಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಆಗ ಅಪರಾಧವಾಗಬಹುದು ಎಂದು ಕೋರ್ಟ್ ಎಚ್ಚರಿಸಿತ್ತು. ಆ ಮಾತನ್ನು ಯಾವ ಜಾಹೀರಾತೂ ಹೇಳಲಿಲ್ಲ.

ಕೌಶಲ ಎಂಬ ವಾದವನ್ನು ಲೆಕ್ಕ ಹಾಕಿಯೇ ನೋಡೋಣ, ನಾವೆಲ್ಲ ಇಂಜಿನಿಯರುಗಳಲ್ಲವೇ. ಸಮಾನ ಕೌಶಲದ ಇಬ್ಬರು ತಲಾ 1,000 ರೂಪಾಯಿ ಇಟ್ಟುಕೊಂಡು ಕೂತಿದ್ದಾರೆ. ಪ್ರತಿ ಆಟಕ್ಕೆ ತಲಾ 100. ಮೇಜಿನ ಮೇಲಿನ 200ರಲ್ಲಿ ಆ್ಯಪ್ ಶೇಕಡಾ 10 ಹಿಡಿಯುತ್ತದೆ ಎಂದಿಟ್ಟುಕೊಳ್ಳಿ, ಅಂದರೆ 20 ರೂಪಾಯಿ. ಇಬ್ಬರೂ ಸರದಿಯಂತೆ ಗೆಲ್ಲುತ್ತ ಸೋಲುತ್ತ ಆಡುತ್ತ ಹೋದರೆ, ನೂರು ಆಟದ ಕಮಿಷನ್ 2,000. ಇಬ್ಬರ ಬಳಿ ಇದ್ದದ್ದೇ ಒಟ್ಟು 2,000. ನೂರನೇ ಆಟಕ್ಕೆ ಮೊದಲೇ ಇಬ್ಬರ ಜೇಬೂ ಬಹುತೇಕ ಖಾಲಿ. ಯಾರೂ ಮೋಸ ಮಾಡಲಿಲ್ಲ, ಯಾರೂ ದಡ್ಡರಲ್ಲ. ಮಹಾಭಾರತದ ಸಭೆಯಲ್ಲೂ ಹೀಗೇ. ಶಕುನಿಗೆ ಅದು ಕೌಶಲದ ಆಟವೇ ಆಗಿತ್ತು, ಧರ್ಮರಾಯನಿಗಲ್ಲ. ದಾಳ ಯಾರದು ಎಂದು ಕೇಳದೆ ಕೌಶಲದ ಮಾತಾಡಬಾರದು.

ಹಾಗಾಗಿ ಆಟಕ್ಕೆ ಕೌಶಲ ಬೇಕೋ ಅದೃಷ್ಟ ಬೇಕೋ ಎಂಬ ಪ್ರಶ್ನೆಯೇ ತಪ್ಪು. ದುಡ್ಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದು ಸರಿಯಾದ ಪ್ರಶ್ನೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೊನೆಗೂ ಈ ಪ್ರಶ್ನೆ ಕೇಳಿದೆ. ಕೌಶಲವೋ ಅದೃಷ್ಟವೋ ಎರಡೂ ಸೇರಿಯೋ, ಗೆದ್ದರೆ ದುಡ್ಡು ಬರುವ ಆಸೆಯಿಂದ ದುಡ್ಡು ಕಟ್ಟಿದರೆ ಅದು ಹಣದ ಆಟ. ದುಡ್ಡಿಗೆ ಸಮನಾದ ಕಾಯಿನ್, ಟೋಕನ್, ಕ್ರೆಡಿಟ್ ಕೂಡ ಪಣವೇ. ಅಂದರೆ ಅಮೆರಿಕದ ಎರಡು ನಾಣ್ಯದ ಚಮತ್ಕಾರ ಇಲ್ಲಿಗೆ ಬರುವ ಮೊದಲೇ ದಾರಿ ಮುಚ್ಚಿದ್ದಾರೆ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತಿನಲ್ಲಿ ತೊಡಗಿದವರಿಗೆ 2 ವರ್ಷ, 50 ಲಕ್ಷ. ಆಡುವವನನ್ನು ಈ ಕಾಯ್ದೆ ಅಪರಾಧಿ ಎನ್ನುವುದಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋಗಿವೆ, ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಿದೆ. ಅಲ್ಲಿ ಏನಾದರೂ ಆಗಲಿ, ಆ ವ್ಯಾಖ್ಯೆಯ ಪರವಾಗಿಯೇ ನಾನು ನಿಲ್ಲುತ್ತೇನೆ.

ಇದಕ್ಕೆ ನನ್ನ ಗೆಳೆಯರದೇ ಮೂರು ಆಕ್ಷೇಪಗಳಿವೆ.

ಒಂದು: ಅವರ ದುಡ್ಡು, ಅವರ ಇಷ್ಟ, ಸರ್ಕಾರಕ್ಕೇನು? ಒಪ್ಪುತ್ತಿದ್ದೆ, ಇಬ್ಬರೂ ಸಮಬಲದವರಾಗಿದ್ದರೆ. ನೀವು ಯಾವ ಗಂಟೆಯಲ್ಲಿ ಸೋಲುತ್ತೀರಿ, ಎಷ್ಟು ಸೋತ ಮೇಲೆ ಬಿಟ್ಟು ಹೋಗುತ್ತೀರಿ, ಯಾವ ಬೋನಸ್ ಕೊಟ್ಟರೆ ತಿರುಗಿ ಬರುತ್ತೀರಿ, ಎಲ್ಲವೂ ಆ ಕಡೆಯವರಿಗೆ ಗೊತ್ತು. ಅದನ್ನು ಅಳೆಯುವ ಡ್ಯಾಶ್‌ಬೋರ್ಡ್ ಕಟ್ಟುವವರು ನಮ್ಮಂಥವರೇ. ರಿಟೆನ್ಷನ್ ಎಂಬ ಪದವನ್ನು ನಾನೇ ಎಷ್ಟು ಮೀಟಿಂಗುಗಳಲ್ಲಿ ಬಳಸಿಲ್ಲ? ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟು ಕೂತ ಇಪ್ಪತ್ತೈದರ ಹುಡುಗ ಒಂದು ಕಡೆ, ಇಡೀ ಡೇಟಾ ಟೀಮು ಇನ್ನೊಂದು ಕಡೆ. ಇದಕ್ಕೆ ಇಷ್ಟ ಎನ್ನುವುದು ಹೇಗೆ? ತಮಿಳುನಾಡು ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಹಣದ ಆಟಗಳಿಗೆ ಲಾಗಿನ್ ಮುಚ್ಚಬೇಕೆಂದು ನಿಯಮ ತಂದಾಗ, 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಎರಡು: ನಿಷೇಧಿಸಿದರೆ ಜನ ವಿದೇಶಿ ಕಳ್ಳ ಸೈಟುಗಳಿಗೆ ಹೋಗುತ್ತಾರೆ. ಇದು ಪೊಳ್ಳು ವಾದವಲ್ಲ. ತೆಲಂಗಾಣದಲ್ಲಿ ನಿಷೇಧ ಇದ್ದಾಗ ಲೊಕೇಶನ್ ಮರೆಮಾಚುವ ಆ್ಯಪ್ ಹಾಕಿಕೊಂಡು ಆಡಿದವರನ್ನು ನಾನೇ ಬಲ್ಲೆ. ಆದರೆ ಇದು ನಿಷೇಧ ಸಾಲದು ಎನ್ನಲು ಕಾರಣ, ನಿಷೇಧ ಬೇಡ ಎನ್ನಲು ಅಲ್ಲ. ಊರಲ್ಲಿ ಓಸಿ ಮಟ್ಕಾ ಬರೆಯುವವನು ಇನ್ನೂ ಇದ್ದಾನೆಂದು ಅದಕ್ಕೆ ಪೇಪರಿನ ಮುಖಪುಟದಲ್ಲಿ ಜಾಹೀರಾತು ಹಾಕಲು ಬಿಡುತ್ತೇವೆಯೇ? ಕ್ರಿಕೆಟ್ ತಾರೆಯರೂ ಸಿನಿಮಾ ನಟರೂ ಬಂದು ಆಡಿ ಅಂದಿದ್ದರಿಂದಲೇ ನಮ್ಮ ಹುಡುಗನಿಗೆ ಅದು ಜೂಜು ಅನ್ನಿಸಲಿಲ್ಲ. ಮಟ್ಕಾ ಚೀಟಿ ಬರೆಸಲು ಅವನು ನಾಚಿಕೆಪಡುತ್ತಿದ್ದ.

ಮೂರು: ತೆರಿಗೆ ಬರುತ್ತದೆ, ಉದ್ಯೋಗ ಬರುತ್ತದೆ. ಸರ್ಕಾರವೂ ಈ ಆಸೆಗೆ ಬಿದ್ದಿತ್ತು ಎಂಬುದನ್ನು ಮರೆಯಬಾರದು. ಗೆದ್ದ ನಿವ್ವಳ ಹಣದ ಮೇಲೆ ಶೇ. 30 ಆದಾಯ ತೆರಿಗೆ, 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ. ಒಂದು ಕೈಯಲ್ಲಿ ತೆರಿಗೆ ವಸೂಲಿ, ಇನ್ನೊಂದು ಕೈಯಲ್ಲಿ ಎಚ್ಚರಿಕೆಯ ಫಲಕ. ಕುದುರೆ ರೇಸು, ಸರ್ಕಾರಿ ಲಾಟರಿ ಇವತ್ತಿಗೂ ನಡೆದೇ ಇವೆ. ಆ ದ್ವಂದ್ವವನ್ನು ಟೀಕಿಸೋಣ. ಉದ್ಯೋಗ ಹೋದವರಲ್ಲಿ ನನ್ನ ಪರಿಚಯದವರೂ ಇದ್ದಾರೆ, ಅವರ ಕಷ್ಟ ಸಣ್ಣದಲ್ಲ. ಆದರೆ ಒಬ್ಬನ ಸಂಬಳ ಇನ್ನೊಬ್ಬನ ಸಾಲದಿಂದ ಬರುವ ಕಡೆ ಅದನ್ನು ಉದ್ಯಮದ ಬೆಳವಣಿಗೆ ಎಂದು ನಾನು ಕರೆಯಲಾರೆ.

ಇನ್ನು, ಈಗಲೂ ಆಡುತ್ತಿರುವವರಿಗೆ ಕೆಲವು ಮಾತು. ಉಪದೇಶವಲ್ಲ, ತಿಳಿದಿರಬೇಕಾದ ವಿಷಯ.

ನಿಮ್ಮ ಆಧಾರ್ ಯಾವ ಊರಿನದು ಎಂಬುದು ಲೆಕ್ಕಕ್ಕಿಲ್ಲ, ನೀವು ಯಾವ ರಾಜ್ಯದಲ್ಲಿ ಕೂತು ಆಡುತ್ತೀರಿ ಎಂಬುದು ಲೆಕ್ಕ. ಕೇಂದ್ರದ ಕಾಯ್ದೆ ಆಟಗಾರನನ್ನು ಬಿಟ್ಟಿದೆಯೆಂದು ಎಲ್ಲ ಕಾಯ್ದೆಯೂ ಬಿಟ್ಟಿದೆಯೆಂದಲ್ಲ. ತಮಿಳುನಾಡಿನ ಕಾಯ್ದೆಯಲ್ಲಿ ಆಡಿದವರಿಗೂ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಲೊಕೇಶನ್ ಮರೆಮಾಚಿ ಆಡಿದರೆ ಗೆದ್ದ ಹಣ ತಡೆಹಿಡಿಯಲು ಕಂಪನಿಗೆ ನೀವೇ ಕಾರಣ ಕೊಟ್ಟಂತೆ. ನಿಯಮಗಳಿಗೆ ಒಪ್ಪಿಗೆ ಒತ್ತುವಾಗ ನೀವದನ್ನು ಓದಿರುವುದಿಲ್ಲ.

ಕೋರ್ಟಿಗೆ ಹೋಗುತ್ತೇನೆ ಎನ್ನಬೇಡಿ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅಸಿಂಧು, ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ವಿದೇಶಿ ಸೈಟುಗಳು ಹಣ ಪಡೆಯಲು, ಕೊಡಲು ಯಾರ್‍ಯಾರದೋ ಬಾಡಿಗೆ ಖಾತೆ ಬಳಸುತ್ತವೆ. ಅಂಥ ಖಾತೆಯಿಂದ ನಿಮಗೆ ಐನೂರು ರೂಪಾಯಿ ಬಂದರೂ ಸೈಬರ್ ಅಪರಾಧದ ತನಿಖೆಯಲ್ಲಿ ನಿಮ್ಮ ಸಂಬಳದ ಖಾತೆ ಸ್ತಂಭಿಸಬಹುದು. ಕಳೆದುಕೊಂಡದ್ದನ್ನು ಸಂಬಳದ ಆದಾಯದಲ್ಲಿ ಕಳೆದು ತೆರಿಗೆ ಉಳಿಸಲೂ ಬರುವುದಿಲ್ಲ.

ಅಮೆರಿಕಕ್ಕೆ ಓದಲು ಹೋದ ತಮ್ಮ ತಂಗಿಯರಿದ್ದರೆ ಅವರಿಗೂ ಹೇಳಿ. ಉಚಿತ ನಾಣ್ಯ ಎಂದು ಶುರುವಾಗುವುದು ಉಚಿತವಾಗಿ ಮುಗಿಯುವುದಿಲ್ಲ. ನ್ಯೂಜೆರ್ಸಿಯಂಥ ಕಡೆ ಪರವಾನಗಿ ಪಡೆದ ಕ್ಯಾಸಿನೊಗಳ ಮೇಲೆ ಸರ್ಕಾರಿ ಇಲಾಖೆಯ ನಿಗಾ ಇರುತ್ತದೆ. ಸ್ವೀಪ್‌ಸ್ಟೇಕ್ಸ್ ಸೈಟು ಹಣ ಕೊಡದಿದ್ದರೆ ಅಂಥ ಇಲಾಖೆಯ ರಕ್ಷಣೆ ಇಲ್ಲ.

ಬಿಡಲಾಗದಿದ್ದರೆ ಅದು ಕಾಯಿಲೆ, ಸ್ವಭಾವದ ದೋಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಜೂಜಿನ ಚಟವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗಾಗಿಯೇ ಒಂದು ಚಿಕಿತ್ಸಾಲಯವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಮಾತಾಡಬಹುದು. ಹಣ ವಂಚನೆಯಾಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ನನ್ನಂಥ ಮ್ಯಾನೇಜರುಗಳಿಗೆ. ಆ ಹುಡುಗನ ಸೋಮವಾರದ ಕಣ್ಣು ಕೆಂಪಗಿದ್ದದ್ದನ್ನು ನಾನು ನೋಡಿದ್ದೆ. ಪ್ರಯಾಣದ ಆಯಾಸ ಅಂದುಕೊಂಡೆ. ಟೈಮ್‌ಶೀಟ್ ಸರಿಯಿತ್ತು, ಆದ್ದರಿಂದ ಎಲ್ಲವೂ ಸರಿಯಿತ್ತು. ಎರಡು ಸಲ ಸಂಬಳದ ಮುಂಗಡ ಕೇಳಿದಾಗ ಅಕ್ಕನ ಮದುವೆ ಎಂದ, ಸಹಿ ಹಾಕಿದೆ. ಊರಿನಿಂದ ದೂರ ಬಂದ ನಮ್ಮ ಹುಡುಗರಿಗೆ ಇಲ್ಲಿ ಕೇಳುವ ಚಿಕ್ಕಪ್ಪ ಸೋದರಮಾವಂದಿರಿಲ್ಲ. ಆ ಜಾಗದಲ್ಲಿ ಇರುವವರು ನಾವೇ. ಒಂದು ಸಲ ಜೊತೆಗೆ ಕೂತು ಚಹಾ ಕುಡಿದು ಏನಪ್ಪಾ ಸಮಾಚಾರ ಎಂದು ಕೇಳಲು ಯಾವ ಕಾಯ್ದೆಯೂ ಬೇಕಿರಲಿಲ್ಲ.

ಅವನು ಈಗ ಊರಲ್ಲಿ ಅಣ್ಣನ ಅಂಗಡಿಯಲ್ಲಿದ್ದಾನೆ, ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಾನೆ. ಫೋನು ಬಟನ್ನಿನದು. ಕಳೆದ ದೀಪಾವಳಿಗೆ ಮಾತಾಡಿದಾಗ ಅವನ ತಾಯಿಯೂ ಫೋನಿಗೆ ಬಂದರು. ಮಗ ಮನೆಯಲ್ಲೇ ಇದ್ದಾನಲ್ಲ ಎಂದು ನಾನೇ ಸಮಾಧಾನದ ಮಾತಾಡಿದೆ. "ಹೌದ್ರಿ ಸಾಹೇಬ್ರ, ಈಗ ನನ್ನ ನೋಡ್ಲಿಕ್ಕ ಇದ್ದಾನ" ಅಂದರು. ಅವರಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಆಗ ತಿಳಿಯಿತು.